ನಂಗೆಲ್ಲಾ ಅರ್ಥ ಆಗಿದೆ ಮೇಡಂ

ಓದುವಾಗ ತಲೆಗೆ ಬಂದದ್ದನ್ನು ಹಳದಿ ಅಂಟುಚೀಟಿಯಲ್ಲಿ ಬರೆದು ಅದೇ ಪುಟಕ್ಕೆ ಅಂಟಿಸಿ ಎಂದು ನಾನು ಆರನೇ ತರಗತಿಯವರಿಗೆ ಹೇಳಿದ್ದೇ ತಪ್ಪಾಯಿತು. ಮೊದಲ ವಾರದಲ್ಲೇ ಪುಸ್ತಕಗಳೆಲ್ಲ ಪುಕ್ಕ ಕೆದರಿದ ಕೋಳಿಗಳಾದವು. ಚೀಟಿಗಳಲ್ಲಿ ಇದ್ದದ್ದೇನು? "ಬಹಳ ಸುಂದರ ವಾಕ್ಯ." "ಲೇಖಕರ ಶೈಲಿ ಅಮೋಘ." ಪಾಠವನ್ನು ಹೊಗಳಿದರೆ ಅಂಕ ಬರುತ್ತದೆಂದು ನಮ್ಮ ಮಹ್ದಿಯಾ ಊರಿನ ಮಕ್ಕಳಿಗೆ ಒಂದನೇ ತರಗತಿಯಿಂದಲೂ ಕಲಿಸಿದವರು ನಾವೇ. ಮಾಡಿದ್ದನ್ನು ಉಣ್ಣಬೇಕು.

ನನಗೆ ಪಿತ್ತ ನೆತ್ತಿಗೇರಿತು. "ಇನ್ಮೇಲೆ ಹೊಗಳಿಕೆಗೆ ಸೊನ್ನೆ. ಅರ್ಥ ಆಗದ್ದು, ಸಿಟ್ಟು ಬಂದದ್ದು, ಅನುಮಾನ ಬಂದದ್ದು, ಅದನ್ನ ಬರೀರಿ" ಎಂದೆ.

ಕೊನೆಯ ಬೆಂಚಿನ ಗೈತ್‌ಗೆ ಹಬ್ಬ. ಮೀನುಗಾರನ ಕಥೆಗೆ, "ಇವನು ಊಟಕ್ಕೂ ಮನೆಗೆ ಹೋಗೋದಿಲ್ಲವಾ?" ಎಂದು ಬರೆದ. ಹೌದಲ್ಲ, ಇಡೀ ಕಥೆಯಲ್ಲಿ ಆತ ಮನೆಯೊಳಗೆ ಕಾಲಿಡುವುದೇ ಇಲ್ಲ! ಪೂರ್ತಿ ಅಂಕ ಕೊಟ್ಟೆ.

ತರಗತಿಗೇ ಮೊದಲಿಗಳಾದ ರನೀಮ್ ಖಾಲಿ ಚೀಟಿ ಅಂಟಿಸಿದ್ದಳು.

"ನಂಗೆಲ್ಲಾ ಅರ್ಥ ಆಗಿದೆ ಮೇಡಂ."

ಪ್ರಶ್ನೆ ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡ ಹಾಗೆ ಎಂಬುದು ಆ ಮಗುವಿನ ಹೆದರಿಕೆ. ಸೊನ್ನೆ ಹಾಕುವಾಗ ನನಗೇ ಸಂಕಟವಾಯಿತು. ಆದರೂ ಅವಳಿಂದ ನಿಜವಾದ ಒಂದು ಪ್ರಶ್ನೆ ಹೊರಡಿಸಲೇಬೇಕೆಂಬ ಹಟ.

ಮರುದಿನ ಪ್ರಶ್ನೆಯ ಬದಲು ಅವಳ ತಾಯಿ ತರಗತಿಗೇ ಹೊರಟು ಬಂದರು. ದಲೀಲಾ ಮದುಮಗಳ ಉಡುಪು ಹೊಲಿಯುವವರು. ಬಾಯಿ ಕತ್ತರಿಗಿಂತ ಚುರುಕು.

"ಏನ್ ಮೇಡಂ ಇದು? ಆ ತರಲೆ ಗೈತ್‌ಗೆ ಪೂರ್ತಿ ಅಂಕ, ನನ್ ಮಗಳಿಗೆ ಸೊನ್ನೆ? ಇವಳು ಟ್ಯೂನಿಸ್‌ನ ದೊಡ್ಡ ಶಾಲೆ ಪರೀಕ್ಷೆಗೆ ಕೂರ್ಬೇಕು. ಅಲ್ಲಿ ನನ್ ತಂಗಿ ಮನೇಲಿ ಕೋಣೆಗೆ ಬಣ್ಣ ಕೂಡ ಹೊಡೆಸಿದ್ದೀನಿ!"

"ಕೂತ್ಕೊಳ್ಳಿ ದಲೀಲಾ. ನೀವೇ ಒಂದ್ಸಲ ಓದಿ ನೋಡಿ" ಎಂದು ಪುಸ್ತಕವನ್ನೂ ಒಂದು ಚೀಟಿಯನ್ನೂ ಕೈಗಿತ್ತೆ.

ಮಗಳ ಪಕ್ಕದಲ್ಲೇ, ಮೊಣಕಾಲು ಹಿಡಿಸದ ಪುಟ್ಟ ಬೆಂಚಿನಲ್ಲಿ, ಗೊಣಗುತ್ತ ಓದತೊಡಗಿದರು. ಕಥೆಯ ಮೀನುಗಾರ, ಮಗಳು ದಿನವೂ ಹುಟ್ಟು ಹಾಕುವ ಪುಟ್ಟ ದೋಣಿಯನ್ನು ಮಾರಿ, ಅವಳನ್ನು ಪಟ್ಟಣಕ್ಕೆ ಕಸುಬು ಕಲಿಯಲು ಕಳಿಸುತ್ತಾನೆ. ಊರೆಲ್ಲ ಅವನನ್ನು ಕೊಂಡಾಡುತ್ತದೆ. ಎರಡನೇ ಪುಟಕ್ಕೆ ಗೊಣಗಾಟ ನಿಂತಿತು. ಆಮೇಲೆ ಮೇಜು ಗುದ್ದಿದ ಸದ್ದು.

"ಎಂಥಾ ಗಂಡಸ್ರೀ ಇವ್ನು! ಒಳ್ಳೇದಾಗ್ಲಿ ಅಂತ್ಲೇ ಮಾಡಿರ್ಬೋದು. ಆದ್ರೆ ಆ ಹುಡುಗೀನ ಒಂದ್ ಮಾತು ಕೇಳೋದ್ ಬೇಡ್ವಾ?"

"ಅದನ್ನೇ ಬರೀರಿ" ಎಂದೆ.

"ಆಂಟಿ, ನಿಮ್ಗೂ ಪೂರ್ತಿ ಅಂಕ!" ಎಂದು ಹಿಂದಿನಿಂದ ಗೈತ್ ಕೂಗಿದ.

"ಬಾಯ್ಮುಚ್ಚೋ, ನಿಮ್ಮಮ್ಮಂಗೆ ಹೇಳ್ತೀನಿ" ಎಂದರೂ ದಲೀಲಾ ಮುಖದಲ್ಲಿ ಗೆದ್ದ ಕಳೆ. ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದರು: "ಮಗಳನ್ನು ಯಾಕೆ ಕೇಳಲಿಲ್ಲ?"

ರನೀಮ್ ಆ ಚೀಟಿಯನ್ನೇ ನೋಡುತ್ತಿದ್ದಳು. ಕಿವಿ ಕೆಂಪಾಯಿತು. ಪೆನ್ನಿನ ಮುಚ್ಚಳ ಕಚ್ಚಿದಳು. ಮತ್ತೆ ಇನ್ನೊಂದು ಚೀಟಿಯಲ್ಲಿ ಏನೋ ಗೀಚಿ, ತಾಯಿಯ ಚೀಟಿಯ ಕೆಳಗೆ ಅಂಟಿಸಿ, ಕಿಟಕಿಯ ಕಡೆ ಮುಖ ತಿರುಗಿಸಿಬಿಟ್ಟಳು.

ನಾನು ಬಗ್ಗಿ ಓದಿದೆ. "ಟ್ಯೂನಿಸ್‌ಗೆ ಹೋಗ್ತೀಯಾ ಅಂತ ನೀನು ನನ್ನ ಯಾಕೆ ಕೇಳಲಿಲ್ಲ ಅಮ್ಮ?"

ಕೊನೆಗೂ ಪ್ರಶ್ನೆ ಬಂತೆಂದು ಕುಣಿಯಬೇಕಿದ್ದ ನಾನು, ಈ ಹೆಂಗಸು ಈಗ ಮಗಳನ್ನೂ ನನ್ನನ್ನೂ ಸೇರಿಸಿ ಹೊಲಿದುಬಿಡುತ್ತಾರೆ ಎಂದುಕೊಂಡೆ.

ದಲೀಲಾ ಓದಿದರು. ಬಾಯಿ ತೆರೆದರು, ಮುಚ್ಚಿದರು. ಊರಲ್ಲಿ ಯಾರೂ ಕಂಡಿರದ ದೃಶ್ಯ ಅದು. ಆಮೇಲೆ ನನ್ನತ್ತ ಕೈ ಚಾಚಿದರು.

"ಇನ್ನೊಂದ್ ಚೀಟಿ ಕೊಡಿ ಮೇಡಂ."

ಬರೆದದ್ದು ಒಂದೇ ಮಾತು: "ಹೋಗ್ತೀಯಾ?" ಅದನ್ನು ಮಗಳ ಮುಂದೆ ಅಂಟಿಸಿ, ಪೆನ್ನನ್ನು ಅವಳ ಕೈಗೆ ಕೊಟ್ಟು ಕಾದರು.

ರನೀಮ್ ಬರೆಯಲು ಹೋಗಿ ತಡೆದು, ನನ್ನ ಕಡೆ ತಿರುಗಿದಳು. "ಮೇಡಂ, 'ಗೊತ್ತಿಲ್ಲ' ಅಂತ ಬರೆದ್ರೆ ಸೊನ್ನೆನಾ?"

ನಾನು ಬಾಯಿ ತೆರೆಯುವ ಮೊದಲೇ ದಲೀಲಾ, "ಬರಿಯೇ ನೀನು, ಸೊನ್ನೆ ಕೊಟ್ರೆ ನಾನ್ ನೋಡ್ಕೋತೀನಿ" ಎಂದರು.