ರೆಕ್ಕೆಯೊಳಗಿನ ಶ್ರೀಕಾರ

ಕೊಚ್ಚಿಯ ಕೇಂದ್ರ ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಮಗುಚಿದ ಕೃಷ್ಣಾನಂದ, ನಿವೃತ್ತರಾದ ಮೇಲೆ ಐದು ವರ್ಷ ಕೂತು ಎರಡು ಸೀಟಿನ ವಿಮಾನ ಕಟ್ಟಿದರು. ಹುಚ್ಚೆಂದವರಿಗೆ ಲೆಕ್ಕವಿಲ್ಲ. ಆದರೆ ಆ ಹುಚ್ಚಿಗೂ ಒಂದು ಶಿಸ್ತಿತ್ತು. ಉಕ್ಕು ನೇರ ತಾಗಿದರೆ ಈ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆಂದು ಓದಿ, ಒಂದೊಂದು ಬೋಲ್ಟನ್ನೂ ಸೀಲಂಟ್ ಎಂಬ ಅಂಟಿನಲ್ಲಿ ಅದ್ದಿಯೇ ಬಿಗಿದಿದ್ದರು.

ಕೊಚ್ಚಿಯ ಮೇಲೆ ನಾಲ್ಕಾರು ಸಲ ಹಾರಿದ್ದ ವಿಮಾನವನ್ನು ಮಗಳು ನಂದಿತಾ ಇವತ್ತು ತಿರುವನಂತಪುರಕ್ಕೆ ಹಾರಿಸಿಕೊಂಡು ಒಯ್ಯಬೇಕು. ಅಲ್ಲಿ ತನ್ನ ತಂಗಿಯ ಮನೆಯಲ್ಲಿ ಕಾಯುತ್ತಿದ್ದ ಕೃಷ್ಣಾನಂದರ ಹೆಂಡತಿ ಸುಮಿತ್ರ ಆಗಲೇ ಮೂರು ಸಲ ಫೋನ್ ಮಾಡಿದ್ದರು. ನಂದಿತಾ ಬೆಲ್ಟು ಬಿಗಿದು ಕೂತಿದ್ದಳು. ಅಂಬಲಮುಗಳಿನ ರಿಫೈನರಿಯಲ್ಲಿ ಪೈಪುಗಳ ತುಕ್ಕು ಹುಡುಕುವುದೇ ಕೆಲಸವಾದ ಗೆಳೆಯ ಧರಣೇಂದ್ರ, ಕೊನೆಯದಾಗಿ ರೆಕ್ಕೆಯಡಿಯ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟರು.

“ಮುಚ್ಚಳದ ಒಳಗೆ ಬಣ್ಣ ಗುಳ್ಳೆ ಎದ್ದಿದೆಯಲ್ಲ ಮಾರ್ರೆ!”

ಉಗುರಿನಿಂದ ಕೆರೆದಾಗ ಬಿಳಿ ಪುಡಿ ಉದುರಿತು. ಕೆಳಗೆ, ಲೋಹದಲ್ಲೇ ಕೊರೆದಂತೆ ಒಂದಕ್ಷರ: ಶ್ರೀ.

“ಪೆನ್ಸಿಲಲ್ಲಿ ಬರೆದದ್ದಾ?”

“ಹೌದು. ಎಂತ ಶುರು ಮಾಡಿದ್ರೂ ಶ್ರೀಕಾರ ಹಾಕುವ ಅಭ್ಯಾಸ ಅಲ್ವಾ? ಮೇಲೆ ಬಣ್ಣ ಹೊಡೆದಿದ್ದೆ,” ಎಂದರು ಕೃಷ್ಣಾನಂದ.

“ಪೆನ್ಸಿಲಿನ ಗ್ರಾಫೈಟು ಉಕ್ಕಿಗಿಂತ ಅಪಾಯ ಮಾರ್ರೆ, ಅಲ್ಯೂಮಿನಿಯಂ ತಿಂದು ಹಾಕ್ತದೆ. ಹೋಗ್ಲಿ, ಮುಚ್ಚಳ ಬೇರೆ ಹಾಕುವ, ಹತ್ತು ನಿಮಿಷದ ಕೆಲಸ. ಇದೊಂದೇ ತಾನೇ?”

ಕೃಷ್ಣಾನಂದರ ಕಣ್ಣು ರೆಕ್ಕೆಯತ್ತ ಹೋಯಿತು. ಮೊದಲ ಶ್ರೀ ಬರೆದದ್ದು ರೆಕ್ಕೆಯ ಭಾರವನ್ನೆಲ್ಲ ಹೊರುವ ತೊಲೆಯ ಮೇಲೆ, ವಿಜಯದಶಮಿಯ ದಿನ, ಅಂಗೈಯಗಲ. ಅದೀಗ ರಿವೆಟ್ಟು ಬಡಿದ ತಗಡಿನೊಳಗೆ ಮುಚ್ಚಿಹೋಗಿದೆ. ಯಾರಿಗೂ ಕಾಣದು. ಬಾಯಿ ಬಿಟ್ಟರೆ ಬಣ್ಣಗೇಡು, ಜೊತೆಗೆ ಐದು ವರ್ಷದ ರೆಕ್ಕೆ ಬಿಚ್ಚಬೇಕು. ‘ಇದೊಂದೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಅಪ್ಪಾ, ಪೋವಾಮೋ?” ಹೊರಡಲೇ ಎಂದು ಎಂದಿನ ಮಲಯಾಳದಲ್ಲಿ ನಂದಿತಾ ಕೂಗಿದಳು.

ಆ ಕ್ಷಣ ಅವರಿಗೆ ತಮ್ಮ ನಾಲಿಗೆಯನ್ನು ಕಂಡೇ ಹೆದರಿಕೆಯಾಯಿತು.

“ಇಳಿ ಮಗಳೇ,” ಎಂದರು. “ಧರಣೇಂದ್ರರೇ, ದೊಡ್ಡದೊಂದು ಒಳಗುಂಟು.”

ರಿವೆಟ್ಟು ಕೊರೆದು ತೆಗೆಯಲು ಗಂಟೆ ಹಿಡಿಯಿತು. ಫೋನು ಮತ್ತೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ತಗಡು ಸರಿದಾಗ ತೊಲೆಯ ಮೇಲೆ ಬಿಳಿ ಪುಡಿಯಲ್ಲೇ ಬರೆದಂತೆ ಶ್ರೀ. ಧರಣೇಂದ್ರ ಸ್ಕ್ರೂಡ್ರೈವರಿನ ತುದಿ ಒತ್ತಿದರು. ಲೋಹ ಪದರ ಪದರವಾಗಿ ಎದ್ದು ಬಂತು.

ಕೊಚ್ಚಿಯಲ್ಲೇ ಬೆಳೆದು ಕನ್ನಡ ಓದಲು ಬಾರದ ನಂದಿತಾ ಅಕ್ಷರದ ಮೇಲೆ ಬೆರಳಿಟ್ಟು ನೋಡಿದಳು, ಏನಿದು ಎಂಬಂತೆ.

“ಒಳ್ಳೇದಾಗ್ಲಿ ಅಂತ ಬರೆದದ್ದು,” ಎನ್ನುವಷ್ಟರಲ್ಲಿ ಕೃಷ್ಣಾನಂದರ ದನಿ ಒಡೆಯಿತು.

ಅವಳು ಅವರ ಕೈಯಿಂದ ಡ್ರಿಲ್ ತೆಗೆದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಕೇಳಿದಳು:

“ಬೇರೆ ಎಲ್ಲೆಲ್ಲಿ ಬರ್ದಿದ್ದೀರಿ, ಅಪ್ಪಾ?”