ಕೈಗಳಷ್ಟೇ ಇದ್ದ ಫೋಟೋ

ಕ್ಯಾಮೆರಾ ಕೊಡುವ ನಂಬರನ್ನೇ ಫೋಟೋಗೆ ಹೆಸರಾಗಿ ಬಿಟ್ಟರೆ ಗೂಗಲ್‌ನಲ್ಲಿ ಅದನ್ನು ನಾಯಿಯೂ ಮೂಸುವುದಿಲ್ಲ, ಒಳಗೇನಿದೆಯೋ ಅದನ್ನೇ ಹೆಸರಾಗಿ ಬರೆಯಬೇಕು. ಇದು ನಾಸಿಕ್‌ನಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುತ್ತಿದ್ದ ಜ್ಯೋತ್ಸ್ನಾಳ ಮಂತ್ರ. ಔರಂಗಾಬಾದಿನ ಸೀರೆ ಅಂಗಡಿಯೊಂದರ ಇನ್ನೂರು ಫೋಟೋಗಳಿಗೂ ಅವಳು ಹಾಗೇ ನಾಮಕರಣ ಮಾಡಿದ್ದಳು.

ಆ ಅಂಗಡಿಗೆ ಪೈಠಣಿ ಸೀರೆ ನೇಯುವ ಯೇವಲಾದ ಮಗ್ಗದಲ್ಲಿ ತನ್ನ ಹಾಗೆ ಕನ್ನಡದವಳೇ ಆದ ಇಳಕಲ್ಲಿನ ಚಂಪಾ ಸಿಕ್ಕಾಗ ಅವಳಿಗೆ ಹಿಗ್ಗೋ ಹಿಗ್ಗು. "ಫೋಟೋದಾಗ ಮಾರಿ ಬ್ಯಾಡ್ರಿ ಅಕ್ಕಾರ, ಗಂಡನ ಕಣ್ಣ ತಪ್ಪಿಸಿ ಮಗಳನ್ನ ಕರಕೊಂಡ ಬಂದೀನಿ," ಎಂದಿದ್ದಳು ಚಂಪಾ. ಜ್ಯೋತ್ಸ್ನಾ ಮುಖ ಬಿಟ್ಟು ಕೈಗಳ ಫೋಟೋ ಅಷ್ಟೇ ತೆಗೆದಳು. ಆದರೆ ಚಾಳಿ ಬಿಡಬೇಕಲ್ಲ! ಮನೆಗೆ ಬಂದು ಫೈಲಿಗೆ 'ಚಂಪಾ-ಇಳಕಲ್-ನೇಕಾರಳು-ಯೇವಲಾ-ಪೈಠಣಿ' ಎಂದು ಇಂಗ್ಲಿಷಿನಲ್ಲಿ ಬರೆದಳು. ತಿಂಗಳೊಳಗೆ ಅದು ಗೂಗಲ್‌ನ ಮೊದಲ ಸಾಲಿಗೆ ಬಂತು. ಖುಷಿಗೆ ಪೇಡೆ ಹಂಚಿದಳು.

2011ರ ಒಂದು ಬೆಳಿಗ್ಗೆ ಅಂಗಡಿ ಮಾಲೀಕ ಫೋನ್ ಮಾಡಿ, ನಿಮ್ಮ ಕನ್ನಡದವರು ಬಂದಿದ್ದಾರೆ ಎಂದು ಹಿಂದಿಯಲ್ಲಿ ಹೇಳಿ ಯಾರದೋ ಕೈಗೆ ಕೊಟ್ಟ.

"ನಮಸ್ಕಾರ್ರಿ ಬಾಯಾರ, ಚಂಪಾನ ಗಂಡ ಅದೀನ್ರಿ. ಗೂಗಲ್‌ನಾಗ ಚಂಪಾ ಇಳಕಲ್ ಅಂತ ಹುಡುಕಿದ್ರ ಫೋಟೋ ಬಂತು, ಕೈ ಮ್ಯಾಲಿನ ಸುಟ್ಟ ಕಲಿ ನೋಡಿದ ಕೂಡ್ಲೇ ಗುರ್ತು ಸಿಕ್ತು. ಯೇವಲಾದಾಗ ಯಾವ ಓಣಿ ಹೇಳ್ರಿ?"

ಜ್ಯೋತ್ಸ್ನಾ ಬಾಯಿಗೆ ಬಂದ ಬೇರೊಂದು ಊರಿನ ಹೆಸರು ಹೇಳಿದಳು. "ಯೇವಲಾ ಅಲ್ರಿ, ಅಕಿ ಖುಲ್ತಾಬಾದಿನಾಗ ಇರ್ತಾಳ."

"ಫೋಟೋದ ಹೆಸರಿನಾಗ ನೀವ ಬರದೀರಲ್ರಿ," ಎಂದು ಅವನು ನಕ್ಕ. "ಇರ್ಲಿ ಬಿಡ್ರಿ, ನಾನ ಹೋಗಿ ಹುಡುಕ್ತೀನಿ."

ಫೋನಿಟ್ಟವಳೇ ಅವಳು ಫೋಟೋ ಅಳಿಸಿದಳು. ಗೂಗಲ್‌ನಲ್ಲಿ ಹುಡುಕಿದರೆ ಹೆಸರು ಇನ್ನೂ ಮೇಲೇ ಕೂತಿತ್ತು. ಮೇಲೆ ತರಲು ನೂರು ದಾರಿ ಬಲ್ಲವಳಿಗೆ ಆ ಗಳಿಗೆಯಲ್ಲಿ ಕೆಳಗಿಳಿಸಲು ಒಂದೂ ತಿಳಿಯಲಿಲ್ಲ. ಚಂಪಾಳ ಬಳಿ ಫೋನಿಲ್ಲ. ಮಗ್ಗದ ಒಡತಿ ಪ್ರೇಮಾಬಾಯಿಯ ಮೊಬೈಲು ಸ್ವಿಚ್ಡ್ ಆಫ್. ಸಿಕ್ಕ ಬಸ್ಸು ಹತ್ತಿದಳು.

ಔರಂಗಾಬಾದ್, ನಾಸಿಕ್ ಎರಡೂ ಊರಿನಿಂದ ಯೇವಲಾ ಹೆಚ್ಚೂಕಡಿಮೆ ಒಂದೇ ದೂರ. ಅವನು ವೈಜಾಪುರದ ಕಡೆಯಿಂದ ಬರುತ್ತಿದ್ದ, ಇವಳು ಈ ಕಡೆಯಿಂದ. ಬಸ್ಸು ನಿಂತಲ್ಲೆಲ್ಲ ಪ್ರೇಮಾಬಾಯಿಗೆ ಮತ್ತೆ ಫೋನ್ ಮಾಡಿ ನೋಡಿದಳು. ಆ ಸುಟ್ಟ ಕಲೆ ಹೇಗಾಯಿತೆಂದು ತಾನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ನಿಫಾಡ್ ದಾಟಿದ ಮೇಲೆ ಹೊಳೆಯಿತು.

ಯೇವಲಾದಲ್ಲಿ ಇಳಿದಾಗ ಔರಂಗಾಬಾದ್ ಬಸ್ಸು ಇನ್ನೂ ಬಂದಿರಲಿಲ್ಲ. ಚಂಪಾ ಮಗ್ಗದ ಮುಂದೆಯೇ ಇದ್ದಳು. ಜ್ಯೋತ್ಸ್ನಾ ಬಿಕ್ಕುತ್ತಲೇ ಎಲ್ಲ ಒಪ್ಪಿಕೊಂಡಳು.

ಚಂಪಾ ಬೈಯಲಿಲ್ಲ. "ಮಾರಿ ಬ್ಯಾಡ ಅಂದಿದ್ನಿ. ಹೆಸರೂ ಬ್ಯಾಡ ಅನ್ನಬೇಕಿತ್ತು, ನನಗ ಹೊಳೀಲಿಲ್ಲ ನೋಡ್ರಿ." ಅರ್ಧ ನೇಯ್ದ ಸೀರೆಯನ್ನು ಹಾಗೇ ಬಿಟ್ಟು ಎದ್ದು ತಾನು ಉಡುವ ಎರಡು ಸೀರೆ ಗಂಟು ಕಟ್ಟಿದಳು, ಮಗಳಿಗೆ ಚಪ್ಪಲಿ ಹಾಕಿದಳು.

"ನಮ್ಮನಿಗೆ ಬಾ ಚಂಪಾ. ಇಲ್ಲಾಂದ್ರ ಎಲ್ಲಿಗೆ ಹೋಗ್ತಿ ಅದನ್ನರ ಹೇಳು."

ಚಂಪಾ ಬಾಗಿಲ ಕಡೆ ಕೈ ತೋರಿಸಿದಳು. "ನೀವು ಮೊದಲ ಹೋಗ್ರಿ ಅಕ್ಕಾರ. ನಾ ಎಲ್ಲಿಗೆ ಹೊಂಟೀನಿ ಅಂತ ನಿಮಗ ಹೇಳೂದಿಲ್ಲ."