ಒಣ ಕೈಗವಸು

ನನ್ನ ನಡಿಗೆಗೆ, ನನ್ನ ಅಡುಗೆಗೆ, ಬೇಕಾದರೆ ನನ್ನ ಮೂಗಿಗೂ ಹೆಸರಿಡಿ, ಸಹಿಸಿಕೊಳ್ಳುತ್ತೇನೆ. ನನ್ನ ಕೈಕೆಲಸಕ್ಕೆ ಹೆಸರಿಟ್ಟರೆ ಮಾತ್ರ ಸುಮ್ಮನಿರುವವಳಲ್ಲ. ಇಪ್ಪತ್ತೆಂಟು ವರ್ಷಗಳಿಂದ ಸೆಫ್ರೂ ಪೇಟೆಯವರೆಲ್ಲ ಮೀಯಲು ಬರುವ ನಮ್ಮ ಹಮ್ಮಾಮಿನಲ್ಲಿ, ಹಬೆ ತುಂಬಿದ ಬಿಸಿ ಕೋಣೆಯಲ್ಲಿ, ಹೆಂಗಸರ ಮೈ ಉಜ್ಜಿಕೊಂಡು ಬಂದವಳು ನಾನು, ಮನ್ನಾನ. ನನ್ನ ಕೈಯಿಂದ ಎದ್ದುಹೋದವಳ ಮೊಣಕೈ ಕಪ್ಪಗಿತ್ತು ಎಂದು ಒಬ್ಬರೂ ಅಂದದ್ದಿಲ್ಲ. ಅಂದವಳು ಒಬ್ಬಳೇ, ನಮ್ಮ ಗಲ್ಲಿಯ ಲಲ್ಲಾ ತಾಮು, ಎಂದರೆ ತಾಮು ಅಮ್ಮನವರು. ಅದೂ ಎಲ್ಲಿ? ಗಲ್ಲಿಯವರೆಲ್ಲ ರೊಟ್ಟಿ ಸುಡಿಸಿಕೊಳ್ಳುವ ಒಲೆಯ ಮುಂದೆ, ಎಂಟು ಹೆಂಗಸರ ಎದುರಿಗೆ!

“ಬೇಜಾರು ಮಾಡ್ಕೋಬೇಡ ಮನ್ನಾನ, ನಿಂಗೂ ವಯಸ್ಸಾಯ್ತು ಅನ್ಸುತ್ತೆ. ನಮ್ಮ ರಬಾಬ್ ಪ್ರತಿ ಗುರುವಾರ ನಿನ್ನ ಹತ್ರಾನೇ ಉಜ್ಜಿಸ್ಕೊಂಡು ಬರ್ತಾಳೆ. ಮೊಣಕೈ ನೋಡಿದ್ರೆ ಇದ್ದಿಲು ತಿಕ್ಕಿದ ಹಾಗಿದೆ!”

ಎಂಟು ಹೆಂಗಸರೂ ನನ್ನ ಕೈಯನ್ನೇ ನೋಡಿದರು. ನನ್ನ ಮೈಯೆಲ್ಲ ಉರಿದುಹೋಯಿತು. ರಬಾಬ್ ಎಂದರೆ ತಾಮುವಿನ ಕಿರಿಯ ಮಗಳು, ಹದಿನಾರರ ಹುಡುಗಿ. ಅವಳು ಹಮ್ಮಾಮಿನೊಳಗೆ ಕಾಲಿಡದೆ ಒಂದು ವರ್ಷವಾಗಿತ್ತು! ‘ನಿನ್ನ ಮಗಳು ಬಂದಿದ್ದರೆ ತಾನೇ ಉಜ್ಜೋದು?’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿಕೊಂಡೆ. ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಅಂದರೆ ಮೊದಲು ಅವಳನ್ನೇ ಕೇಳಬೇಕು. ಆಮೇಲೆ ತಾಮುವಿಗೆ ನನ್ನ ಬಾಯಿಯ ರುಚಿ ತೋರಿಸಿದರಾಯಿತು.

ಗುರುವಾರ ಸಂಜೆ ಕೆಲಸ ಬಿಟ್ಟು ಪುದೀನ ಮಾರುವವನ ಅಂಗಡಿಯ ಮರೆಯಲ್ಲಿ ನಿಂತೆ. ರಬಾಬ್ ಬಂದಳು. ಕೈಯಲ್ಲಿ ಬಕೀಟು, ಬಕೀಟಿನಲ್ಲಿ ಕರಿ ಸಾಬೂನು, ಬಾಚಣಿಗೆ, ಉಜ್ಜುವ ಕೈಗವಸು. ಹಮ್ಮಾಮಿನ ಬಾಗಿಲಲ್ಲಿ ನಿಲ್ಲದೆ ಸೀದಾ ಮುಂದೆ ನಡೆದಳು. ನಾನೂ ಮರೆಯಲ್ಲೇ ಹಿಂಬಾಲಿಸಿದೆ. ಹಿಂದಿನ ಗಲ್ಲಿಯಲ್ಲಿ, ಬೀದಿ ನಲ್ಲಿಯ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಒಂದು ಗಂಟೆ ಪಾಠದ ಪುಸ್ತಕ ಓದಿದಳು. ಆಮೇಲೆ ಆಚೆ ಈಚೆ ನೋಡಿ ನಲ್ಲಿಯ ಕೆಳಗೆ ತಲೆ ಒಡ್ಡಿ ಕೂದಲು ನೆನೆಸಿಕೊಂಡಳು. ಟವೆಲ್ ಸುತ್ತಿಕೊಂಡಳು. ಎರಡೂ ಕೆನ್ನೆಗಳನ್ನು ಕೆಂಪಾಗುವವರೆಗೆ ಚಿವುಟಿಕೊಂಡಳು! ನಾಟಕದವರೂ ಇಷ್ಟು ಅಚ್ಚುಕಟ್ಟಾಗಿ ಬಣ್ಣ ಹಚ್ಚಿಕೊಳ್ಳುವುದಿಲ್ಲ.

ನಮ್ಮ ಗಲ್ಲಿಗೆ ವಾಪಸ್ಸು ಬಂದದ್ದೇ ತಡ, ಪುದೀನದವನು ಕೂಗಿದ, “ಬಸ್ಸಹಾ ಮಗಳೇ!” ಹೊಲಿಗೆಯವಳು ಕಿಟಕಿಯಿಂದಲೇ “ಬಸ್ಸಹಾ!” ಎಂದಳು. ಮಿಂದು ಬಂದವರನ್ನು ಕಂಡು ಈ ಮಾತಿನಿಂದ ಆರೋಗ್ಯ ಹಾರೈಸದೆ ಇರಲು ನಮ್ಮ ಊರಿನಲ್ಲಿ ಯಾರಿಗೂ ಆಗುವುದಿಲ್ಲ. ಅವಳು ತಲೆ ತಗ್ಗಿಸಿಕೊಂಡೇ, “ಅಲ್ಲಾ ನಿಮಗೂ ಆರೋಗ್ಯ ಕೊಡಲಿ” ಎನ್ನುತ್ತ ಬಂದಳು. ನಾನು ಅಡ್ಡ ನಿಂತು ಬಕೀಟಿಗೆ ಕೈ ಹಾಕಿದೆ. ಕೈಗವಸು ಗರಿಗರಿಯಾಗಿತ್ತು.

“ಏನೇ ಇದು, ಒಣಗಿದೆ?”

“ಖಾಲ್ತಿ... ಬಿಸಿಲಿತ್ತಲ್ಲ...”

“ಹಮ್ಮಾಮಿನ ಒಳಗೆ ಬಿಸಿಲಿತ್ತಾ? ನಿನ್ನ ಮೊಣಕೈಯಿಂದ ನನ್ನ ಇಪ್ಪತ್ತೆಂಟು ವರ್ಷದ ಹೆಸರು ಮಣ್ಣುಪಾಲಾಯ್ತು, ಗೊತ್ತಾ ನಿಂಗೆ?”

ಖಾಲ್ತಿ, ಎಂದರೆ ಚಿಕ್ಕಮ್ಮ, ಎಂದು ನನ್ನನ್ನು ಕರೆಯುವ ಹುಡುಗಿಯರು ನೂರಾರು ಮಂದಿ. ನಾನು ಗದರಿದರೆ ಅವರೆಲ್ಲ ನಗುತ್ತಾರೆ. ಇವಳು ಅತ್ತುಬಿಟ್ಟಳು. ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಅಳುವಿನ ನಡುವೆ ಸಂಗತಿ ಹೊರಬಿತ್ತು.

ಹೋದ ವಸಂತದಲ್ಲಿ ಅವಳ ಬೆನ್ನ ತುಂಬ ಮೊಡವೆ ಎದ್ದಿತ್ತಂತೆ. ಹಮ್ಮಾಮಿನಲ್ಲಿ ಪಕ್ಕ ಕುಳಿತಿದ್ದ ಲಲ್ಲಾ ಹನಿಯಾ, “ಇದೇನಿದು ಬೆನ್ನ ಮೇಲೆ? ಅಂಟುತ್ತಾ?” ಎಂದು ಗಟ್ಟಿಯಾಗಿ ಕೇಳಿ ತನ್ನ ಬಕೀಟನ್ನು ಆಚೆ ಎಳೆದುಕೊಂಡಳಂತೆ.

“ಅವರು ಎಳ್ಕೊಂಡ ತಕ್ಷಣ ಎಲ್ರೂ ಎಳ್ಕೊಂಡ್ರು ಖಾಲ್ತಿ. ಆರು ಬಕೀಟು. ನೆಲದ ಮೇಲೆ ಸರ್ರ್ ಅಂದ ಸದ್ದು ಇನ್ನೂ ಕಿವೀಲಿದೆ.”

ಹನಿಯಾ ಕೆಟ್ಟವಳಲ್ಲ, ಬಾಯಿಗೆ ಬೀಗವಿಲ್ಲದವಳು. ಆದರೆ ಆ ದಿನ ನಾನೂ ಅದೇ ಕೋಣೆಯಲ್ಲಿ ಯಾರದೋ ಕಾಲು ಉಜ್ಜುತ್ತಿದ್ದೆ. ನನಗೆ ಏನೂ ಕೇಳಿಸಿರಲಿಲ್ಲ. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ವರ್ಷವಿಡೀ ಈ ಮಗು ಮನೆಯಲ್ಲಿ ದೀಪ ಹಚ್ಚದೆ, ಅಂಗಿ ಬಿಚ್ಚದೆ, ತಣ್ಣೀರಿನಲ್ಲಿ ಒಂದಿಷ್ಟು ಕೈಕಾಲು ತೊಳೆದುಕೊಂಡು ದಿನ ನೂಕಿದ್ದಳು.

“ಈಗ ಅಕ್ಕನ ಮದುವೆ,” ಎಂದು ಮೂಗು ಒರೆಸಿಕೊಂಡಳು. “ಮದುಮಗಳ ಹಮ್ಮಾಮಿಗೆ ಇನ್ನು ಮೂರೇ ವಾರ. ಅಕ್ಕನ ತಲೆ ಮೇಲೆ ಸುರಿಯೋ ಏಳು ಬಕೀಟಲ್ಲಿ ಮೊದಲನೇದು ನನ್ನ ಕೈಯಿಂದಾನೇ ಬೀಳ್ಬೇಕಂತೆ. ಬತೂಲ್ ಅಕ್ಕ ಹಟ ಹಿಡಿದಿದಾಳೆ. ಅವತ್ತು ನಂಗೆ ಜ್ವರ ಬರುತ್ತೆ ಖಾಲ್ತಿ.”

“ಜ್ವರಕ್ಕೆ ತಾರೀಖು ಗೊತ್ತಾ?”

ಅಳುವಿನಲ್ಲೂ ಪಕ್ಕನೆ ನಕ್ಕಳು. ಆ ನಗು ನೋಡಿಯೇ ನಾನು ನಿರ್ಧರಿಸಿದೆ.

“ಕೇಳಿಲ್ಲಿ. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಾ. ಆಗ ಒಂದು ನೊಣಾನೂ ಇರಲ್ಲ. ನಾನು, ನೀನು, ಬಿಸಿನೀರು. ನಿಮ್ಮಮ್ಮನಿಗೆ ಏನೂ ಹೇಳಲ್ಲ. ಆದ್ರೆ ಒಂದು ಮಾತು. ಊರೆಲ್ಲ ನಿಂಗೆ ಸುಳ್ಳು ಸ್ನಾನಕ್ಕೆ ಬಸ್ಸಹಾ ಹೇಳಿದೆ. ನಾನು ಹೇಳಲ್ಲ. ಎಲ್ಲರ ನಡುವೆ ಕೂತು ಮಿಂದು ಬರ್ತೀಯಲ್ಲ, ಅವತ್ತು ಹೇಳ್ತೀನಿ. ನನ್ನ ಬಾಯಿಂದ ಆ ಮಾತು ಬಿಟ್ಟಿ ಸಿಗಲ್ಲ.”

ಭಾನುವಾರ ಬಂದಳು. ಸ್ನಾನದ ಬಟ್ಟೆ ಉಟ್ಟು, ಬೆನ್ನಿಗೆ ಟವೆಲ್ ಬಿಗಿದುಕೊಂಡು ಅರ್ಧ ಗಂಟೆ ಗೋಡೆಗಂಟಿ ಕುಳಿತಳು. ನಾನು ಅವಳ ಕಡೆ ತಿರುಗಿಯೂ ನೋಡದೆ ನೀರು ತುಂಬಿದೆ, ನೆಲ ತೊಳೆದೆ, ಮನೆಯಲ್ಲಿರುವ ನನ್ನ ಅಳಿಯನನ್ನು ನನ್ನಷ್ಟಕ್ಕೇ ಬೈದುಕೊಂಡೆ. ಕೊನೆಗೆ ಟವೆಲ್ ಜಾರಿದ ಸದ್ದಾಯಿತು. ನೋಡಿದೆ. ಕೆಲವು ಕೆಂಪು, ಕೆಲವು ಒಣಗಿದ ಮೊಡವೆಗಳು.

“ಇಷ್ಟೇನಾ?” ಎಂದುಬಿಟ್ಟೆ.

ಅವಳು ಟವೆಲನ್ನು ಮತ್ತೆ ಬಿಗಿದುಕೊಂಡಳು. ವರ್ಷವಿಡೀ ಹೊತ್ತದ್ದನ್ನು ಇಷ್ಟೇ ಎನ್ನಲು ನಾನು ಯಾರು? ನಾಲಗೆ ಕಚ್ಚಿಕೊಂಡು ಕೈಗವಸು ತೊಟ್ಟೆ. ತೋಳು, ಕಾಲು, ಕತ್ತು ಉಜ್ಜಿದೆ. ಬೆನ್ನಿಗೆ ಮಾತ್ರ ಕೈಗವಸು ಮುಟ್ಟಿಸಲಿಲ್ಲ. ಅಂಗೈಯಲ್ಲಿ ಸಾಬೂನು ಹಚ್ಚಿ ಮೆಲ್ಲಗೆ ತೊಳೆದೆ. “ನಾನು ಕೊಳೆ ತೆಗೆಯೋಳು, ಡಾಕ್ಟರಲ್ಲ. ಆಸ್ಪತ್ರೆಗೆ ಹೋಗಿ ತೋರಿಸು,” ಎಂದೆ.

ಅಷ್ಟರಲ್ಲಿ ಅವಳ ಕಣ್ಣು ತನ್ನ ತೋಳಿನ ಮೇಲೆ ಬಿತ್ತು. ಒಂದು ವರ್ಷದ ಕೊಳೆ ಸುರುಳಿ ಸುರುಳಿಯಾಗಿ ಉದುರುತ್ತಿತ್ತು.

“ಅಯ್ಯಯ್ಯೋ! ಇದೆಲ್ಲ ನಂದಾ?”

“ಇನ್ಯಾರದು? ಕೂಡಿಟ್ರೆ ಒಂದು ಚಾಪೆ ನೇಯಬಹುದು!”

ಹುಡುಗಿ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಅವಳ ನಗು ಗುಮ್ಮಟಕ್ಕೆ ಬಡಿದು ಬಡಿದು ವಾಪಸ್ಸು ಬರುತ್ತಿತ್ತು. ಬಿಸಿನೀರನ್ನು ಬಕೀಟು ಬಕೀಟು ಸುರಿದುಕೊಂಡಳು. ನನ್ನ ಕೈಗವಸು ಕಿತ್ತುಕೊಂಡು, “ಹೇಗೆ ಹಿಡೀಬೇಕು? ಕೆಳಗಿಂದ ಮೇಲಕ್ಕಾ?” ಎಂದು ಕೇಳಿ ತನ್ನ ಮೊಣಕೈಯನ್ನು ತಾನೇ ತಿಕ್ಕಿಕೊಂಡಳು. ಒಂದು ಗಂಟೆಯ ನಂತರ ಹೊರಗೆ ಬಂದು ಎರಡೂ ತೋಳುಗಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಖಾಲ್ತಿ, ಹಗುರಾಗಿದೆ! ಓಡ್ಬೇಕು ಅನ್ನಿಸ್ತಿದೆ!” ಆಮೇಲೆ ತಲೆ ವಾಲಿಸಿ, “ಈಗ್ಲಾದ್ರೂ ಹೇಳಿ ಖಾಲ್ತಿ,” ಎಂದಳು.

“ಊಹೂಂ.”

ಮರುವಾರವೂ ಬಂದಳು, ಅದರ ಮರುವಾರವೂ. ಆಸ್ಪತ್ರೆಯ ಮುಲಾಮು ಹಚ್ಚುತ್ತಿದ್ದಳು. ಮೊಡವೆ ಕಡಿಮೆಯಾಯಿತು, ಹೋಗಲಿಲ್ಲ. ರೊಟ್ಟಿಯ ಒಲೆಯ ಮುಂದೆ ಲಲ್ಲಾ ತಾಮು, “ಈಗ ನೋಡು ಮನ್ನಾನ, ಕೈಗೆ ಶಕ್ತಿ ಬಂತು!” ಎಂದು ಬೆನ್ನು ತಟ್ಟಿದಳು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಆ ಹುಡುಗಿಗಾಗಿ ನಾನು ಏನೆಲ್ಲ ನುಂಗಿದೆ ಎಂಬುದು ನನಗೊಬ್ಬಳಿಗೇ ಗೊತ್ತು.

ಮದುಮಗಳ ಹಮ್ಮಾಮಿನ ದಿನ ಬಂತು. ಮೂವತ್ತು ಹೆಂಗಸರು, ಮೂಲೆ ಮೂಲೆಗೂ ಮೋಂಬತ್ತಿ, ಡೋಲು, ಹಾಡು, ಕಿವಿ ಗಡಚಿಕ್ಕುವ ಸಂಭ್ರಮದ ಕೂಗು! ಬತೂಲ್ ನಡುವೆ ಕುಳಿತಿದ್ದಳು. ಏಳು ಬಕೀಟು ತುಂಬಿ ಸಾಲಾಗಿ ಇಟ್ಟಿದ್ದೆ. ರಬಾಬ್ ಮಾತ್ರ ಕಾಣಿಸಲಿಲ್ಲ.

“ಅವಳು ಬರೋವರೆಗೂ ಒಂದು ಹನಿ ನೀರು ನನ್ನ ಮೇಲೆ ಬೀಳಕೂಡದು,” ಎಂದಳು ಬತೂಲ್. ಕಣ್ಣು ಬಾಗಿಲಿನಲ್ಲೇ ಇತ್ತು. “ಅವಳು ಬರದೇ ಇದ್ರೆ ನಾನು ಒಣಮೈಯಲ್ಲೇ ಗಂಡನ ಮನೆಗೆ ಹೋಗ್ತೀನಿ.”

ಬಟ್ಟೆ ಬಿಚ್ಚುವ ಕೋಣೆಗೆ ಓಡಿದೆ. ಬೆಂಚಿನ ಮೇಲೆ, ಮೇಲಂಗಿಯ ಗುಂಡಿಯನ್ನೂ ಬಿಚ್ಚದೆ, ಬಕೀಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಒಳಗಿನಿಂದ ಹನಿಯಾಳ ನಗು ಕೇಳಿಸುತ್ತಿತ್ತು.

“ಏಳು, ಹೆದರಬೇಡ. ಒಳಗೆ ನಾನಿದ್ದೀನಿ.”

“ಅವತ್ತೂ ಇದ್ರಲ್ಲ ಖಾಲ್ತಿ,” ಎಂದಳು.

ನಿಜ ಹೇಳಬೇಕೆಂದರೆ ಎದೆಗೆ ಚುಚ್ಚಿತು. ಒಳಗೆ ಬಂದು ನೀರಿನ ತೊಟ್ಟಿಯ ಬಳಿ ನಿಂತೆ. ಹಾಡು ಎರಡು ಸಲ ಮುಗಿಯಿತು. ಹೆಂಗಸರು ಮುಖ ಮುಖ ನೋಡಿಕೊಳ್ಳತೊಡಗಿದರು. ತಾಮು, “ಶುರು ಮಾಡೋಣ, ನೀರು ಆರ್ತಿದೆ,” ಎಂದಳು. ಬತೂಲ್ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು.

ಆಗ ಬಾಗಿಲು ತೆರೆಯಿತು. ಹಬೆಯೊಳಗಿಂದ ರಬಾಬ್ ಬಂದಳು, ಬೆನ್ನಿಗೆ ಟವೆಲ್ ಹೊದ್ದು, ಬಲಗೈಗೆ ಕೈಗವಸು ತೊಟ್ಟು. ಎಲ್ಲರೂ ಕೂಗಿ ಕರೆದರು. ಅವಳು ಅಕ್ಕನ ಬಳಿ ಹೋಗಲಿಲ್ಲ. ನೇರವಾಗಿ ಲಲ್ಲಾ ಹನಿಯಾಳ ಮುಂದೆ ಹೋಗಿ ನಿಂತಳು. ಹನಿಯಾಳ ಕೈ ಆಗಲೇ ಬಕೀಟಿನ ಹಿಡಿಕೆಯ ಮೇಲಿತ್ತು.

“ಲಲ್ಲಾ ಹನಿಯಾ, ನಿಮ್ಮ ಬೆನ್ನು ಉಜ್ಜಿಕೊಡ್ಲಾ?”

ಹಮ್ಮಾಮಿನಲ್ಲಿ ಗುರುತಿಲ್ಲದವರೂ ಕೇಳುವ ಮಾತಿದು, ಬೇಡ ಎನ್ನುವಂತಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಬೆನ್ನಿಗೆ ಬೆನ್ನು. ಉಜ್ಜಿಸಿಕೊಂಡವಳು ಉಜ್ಜಿದವಳ ಬೆನ್ನನ್ನೂ ಉಜ್ಜಬೇಕು! ಹನಿಯಾಳಿಗೂ ಅದು ಹೊಳೆಯಿತು.

“ನಂಗೆ... ಮನ್ನಾನ ಇದಾಳಲ್ಲಮ್ಮ.”

“ನಂಗೆ ಪುರುಸೊತ್ತಿಲ್ಲ!” ಎಂದೆ, ಕೈ ಕಟ್ಟಿಕೊಂಡು ನಿಂತವಳು.

ಮದುವೆ ಮನೆಯ ಮೂವತ್ತು ಹೆಂಗಸರ ಎದುರು ಹನಿಯಾ ಬೆನ್ನು ತಿರುಗಿಸಿದಳು. ಆಹಾ, ಏನು ಉಜ್ಜಿದಳು ನನ್ನ ಹುಡುಗಿ! ಕೆಳಗಿನಿಂದ ಮೇಲಕ್ಕೆ, ನಾನು ಹೇಳಿಕೊಟ್ಟ ಹಾಗೆಯೇ. “ಮೆತ್ತಗೆ ಕಣೇ! ಚರ್ಮ ಇರಲಿ!” ಎಂದು ಹನಿಯಾ ಕೂಗಿಕೊಂಡಳು. ಬೆನ್ನ ಮೇಲೆ ಬೂದು ಸುರುಳಿಗಳು ಎದ್ದವು. ರಬಾಬ್ ಬಗ್ಗಿ ನೋಡಿ, ಕೋಣೆಗೆಲ್ಲ ಕೇಳುವಂತೆ ಕೇಳಿದಳು:

“ಇದೇನಿದು ಲಲ್ಲಾ ಬೆನ್ನ ಮೇಲೆ? ಅಂಟುತ್ತಾ?”

ಎದ್ದ ನಗುವಿಗೆ ಒಂದು ಮೋಂಬತ್ತಿಯೇ ಆರಿತು! ಅಂದು ಬಕೀಟು ಎಳೆದುಕೊಂಡವರೂ ನಕ್ಕರು. ಕೆಲವರು ನಗುತ್ತಲೇ ತಲೆ ತಗ್ಗಿಸಿದರು. ರಬಾಬ್ ನೀರು ಹಾಕಿ ಹನಿಯಾಳನ್ನು ತೊಳೆದಳು. ನಂತರ ತನ್ನ ಟವೆಲ್ ತೆಗೆದು ಪಕ್ಕಕ್ಕಿಟ್ಟು, ಅವಳ ಮುಂದೆ ಬೆನ್ನು ಮಾಡಿ ಕುಳಿತಳು.

“ಈಗ ನಿಮ್ಮ ಸರದಿ.”

ಮಂಡಿಗಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಕೈಗವಸು ತೊಟ್ಟ ಹನಿಯಾಳ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಕೈಗವಸು ತೆಗೆದಿಟ್ಟು, ಬರಿಗೈಗೆ ಸಾಬೂನು ಬಳಿದುಕೊಂಡು, ಆ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಮೆಲ್ಲಗೆ ತೊಳೆದಳು.

“ಮೊಡವೆ,” ಎಂದಳು, ಯಾರೋ ತನಗೆ ಮೋಸ ಮಾಡಿದ್ದಾರೆ ಎನ್ನುವ ದನಿಯಲ್ಲಿ. “ಬರೀ ಮೊಡವೆ!” ತನ್ನ ಬಕೀಟನ್ನು ಹುಡುಗಿಯ ಬಕೀಟಿಗೆ ತಾಗುವಂತೆ ಎಳೆದಿಟ್ಟಳು.

ರಬಾಬ್ ಎದ್ದು ಮೊದಲ ಬಕೀಟು ಎತ್ತಿ ಅಕ್ಕನ ತಲೆಯ ಮೇಲೆ ಸುರಿದಳು. ಬತೂಲ್ ತಂಗಿಯನ್ನು ಬಾಚಿ ತಬ್ಬಿಕೊಂಡಾಗ ಎರಡನೆಯ ಬಕೀಟು ಇಬ್ಬರ ಮೇಲೂ ಬಿತ್ತು. ನಾನೂ ಕೂಗಿದೆ, ಗಂಟಲು ಕಟ್ಟುವವರೆಗೆ.

ಸಂಜೆ ಎಲ್ಲರೂ ಹೊರಟಾಗ ಪುದೀನದವನು ಎಂದಿನಂತೆ “ಬಸ್ಸಹಾ ಮಗಳೇ!” ಎಂದ. ಅವಳು ಅವನ ಕಡೆ ತಿರುಗಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ, ನನ್ನೆದುರು ನಿಂತಳು. ಕೆನ್ನೆಗಳು ಚಿವುಟದೆಯೇ ಕೆಂಪಾಗಿದ್ದವು. ಬಕೀಟಿನಿಂದ ಕೈಗವಸು ತೆಗೆದು ನನ್ನ ಮುಖದ ಮುಂದೆ ಹಿಡಿದು, ಎರಡೂ ಕೈಗಳಿಂದ ಹಿಂಡಿದಳು. ನೀರೆಲ್ಲ ನನ್ನ ಪಾದದ ಮೇಲೆ ಸುರಿಯಿತು.

“ಬಸ್ಸಹಾ, ನನ್ನವ್ವ,” ಎಂದೆ.

“ಅಲ್ಲಾ ನಿಮಗೂ ಆರೋಗ್ಯ ಕೊಡಲಿ ಖಾಲ್ತಿ,” ಎಂದವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. “ಗುರುವಾರ ಬರ್ತೀನಿ, ಜನ ಇರೋ ಹೊತ್ತಿಗೇ. ಮೊಣಕೈ ಸರಿಯಾಗಿ ಉಜ್ಜಿ, ಅಮ್ಮ ನೋಡ್ತಾಳೆ!”